ಶಿಲಾಲೇಖ ಮತ್ತು ಕಾಂತಚಿತ್ರ: ಆತಗೂರಿನ ಕಲ್ಲು ಕಲಿಸುವ ಪಾಠ

ಮದ್ದೂರು ತಾಲ್ಲೂಕಿನ ಆತಗೂರು ಇತಿಹಾಸದ ವಿದ್ಯಾರ್ಥಿಗಳಿಗೆ ಸುಪರಿಚಿತವಾದ ಸ್ಥಳ. ಶಾಸನಪ್ರಸಿದ್ಧವಾದ ಆತಕೂರು ಇದೇ. ಕ್ರಿ. ಶ. 949-50ರ ಇಲ್ಲಿಯ ಶಿಲಾಲೇಖವು ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನು ಗಂಗರ ಇಮ್ಮಡಿ ಬೂತುಗನಿಂದ ಹತನಾದುದನ್ನೂ, ಮಣಲೆರನ ಬೇಟೆನಾಯಿ ಕಾಳಿಯು ಕಾಡುಹಂದಿಯೊಡನೆ ಹೋರಾಡಿ ಮಡಿದುದನ್ನೂ ತಿಳಿಸುತ್ತದೆ. ಫ್ಲೀಟರು ಮೊದಲು ಈ ಲೇಖವನ್ನು ಓದಿದಾಗ, ಬೂತುಗನು ವಂಚನೆಯಿಂದ ರಾಜಾದಿತ್ಯನನ್ನು ಇರಿದನೆಂದು ಅರ್ಥಮಾಡಿದ್ದರು. ಮುಂದೆ ಅವರೇ ಪುನಃ ಪರಿಶೀಲಿಸಿ, ಆನೆಯ ಮೇಲಣ ಪೀಠವೇ ರಣರಂಗವಾಯಿತೆಂದು ತಿದ್ದಿದರು. ಕಲ್ಲು ಇದ್ದಂತೆಯೇ ಇದ್ದಿತು. ಓದು ಬದಲಾದುದರಿಂದ ಒಬ್ಬ ಅರಸನು ಅಪಕೀರ್ತಿಯಿಂದ ಪಾರಾದನು.

ಕಲ್ಲಿನ ಮೇಲಣ ಬರಹವನ್ನು ಓದುವಂತೆಯೇ ಕಲ್ಲಿನೊಳಗಣ ಅದಿರನ್ನು ಓದುವ ಪ್ರಯತ್ನಕ್ಕೂ ಒಂದು ಇತಿಹಾಸವಿದೆ. ಈ ಸೀಮೆಯ ಶಾಸನಗಳನ್ನೊಳಗೊಂಡ ರೈಸರ ಸಂಪುಟವು ಹೊರಬಂದ 1894ರಲ್ಲಿಯೇ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯೂ ಸ್ಥಾಪಿತವಾಯಿತು. ಅದಕ್ಕೆ ಮೊದಲೇ, 1879ರಲ್ಲಿ, ಸ್ವೀಡನ್ನಿನ ಥಾಲೆನ್ ಕಾಂತಮಾಪನದಿಂದ ಕಬ್ಬಿಣದ ಅದಿರನ್ನು ಹುಡುಕುವ ಕ್ರಮವನ್ನು ಗ್ರಂಥರೂಪದಲ್ಲಿ ನಿರೂಪಿಸಿದ್ದನು. ಎರಡನೆಯ ಮಹಾಯುದ್ಧದಲ್ಲಿ ಜಲಾಂತರ್ನೌಕೆಗಳನ್ನು ಪತ್ತೆಮಾಡಲು ವಿಮಾನಗಳಿಗೆ ಅಳವಡಿಸಿದ ಕಾಂತಮಾಪಕವು ಯುದ್ಧಾನಂತರ ಖನಿಜಾನ್ವೇಷಣೆಗೆ ಒದಗಿತು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು 2017ರಲ್ಲಿ ಕೈಗೊಂಡ ರಾಷ್ಟ್ರೀಯ ವೈಮಾನಿಕ ಸಮೀಕ್ಷೆಯಲ್ಲಿ ವಿಮಾನವು 80 ಮೀಟರು ಎತ್ತರದಲ್ಲಿ, 300 ಮೀಟರು ಅಂತರದ ಸಾಲುಗಳಲ್ಲಿ ಹಾರುವಂತೆ ಗೊತ್ತುಪಡಿಸಲಾಯಿತು.

ಹೀಗೆ ದೊರೆತ ಅಂಕಿಗಳನ್ನು ಗಣಕಯಂತ್ರವು ಚೌಕಳಿಯಾಗಿ ಜೋಡಿಸಿ, ಬಣ್ಣಗಳಿಂದ ಚಿತ್ರವಾಗಿಸುತ್ತದೆ. ಅನಂತರ ಆ ಚಿತ್ರದ ಮೇಲೆ ಒಂದು ಕಲ್ಪಿತ ಸೂರ್ಯನ ಬೆಳಕನ್ನು ಓರೆಯಾಗಿ ಬೀಳಿಸುವುದುಂಟು. ಸವೆದ ಶಾಸನಕ್ಕೆ ಪಕ್ಕದಿಂದ ದೀಪ ಹಿಡಿದು ಅಕ್ಷರಗಳನ್ನು ಎಬ್ಬಿಸುವ ನಮ್ಮ ಪದ್ಧತಿಯೂ ಇದೇ. ಇದರಿಂದ ಶಿಲಾಸ್ತರಗಳ ಬಿರುಕುಗಳೂ ಮಡಿಕೆಗಳೂ ಎದ್ದು ಕಾಣುತ್ತವೆ. ಆದರೆ ಬೆಳಕು ಪೂರ್ವದಿಂದ ಬಿದ್ದಾಗ ಪೂರ್ವಪಶ್ಚಿಮವಾಗಿ ಹಾಯ್ದ ಗೆರೆಗಳು ಮರೆಯಾಗುತ್ತವೆ. ಆದುದರಿಂದ ದಿಕ್ಕನ್ನು ಬದಲಿಸಿ ಬದಲಿಸಿ ನೋಡುವುದು ಅಗತ್ಯ.

ನಮ್ಮ ನಾಡಿನಲ್ಲಿ ಮತ್ತೊಂದು ತೊಡಕುಂಟು. ಧ್ರುವಪ್ರದೇಶದಲ್ಲಿ ಭೂಕಾಂತಬಲವು ನೆಲಕ್ಕೆ ನೆಟ್ಟಗೆ ಇಳಿಯುವುದರಿಂದ ಮ್ಯಾಗ್ನೆಟೈಟಿನ ಒಡಲ ಮೇಲೆಯೇ ಹೆಚ್ಚಿನ ಅಂಕಿ ದೊರೆಯುತ್ತದೆ. ಮಂಡ್ಯದ ಅಕ್ಷಾಂಶದಲ್ಲಿ ಆ ಬಲವು ಬಹುಮಟ್ಟಿಗೆ ಅಡ್ಡಲಾಗಿ ಹಾಯುತ್ತದೆ; ಆದಕಾರಣ ಅದಿರಿನ ನೆತ್ತಿಯ ಮೇಲೆ ಸಾಮಾನ್ಯವಾಗಿ ಅಂಕಿ ಇಳಿಯುತ್ತದೆ, ಪಕ್ಕಗಳಲ್ಲಿ ಏರುತ್ತದೆ. ಉತ್ತರದಕ್ಷಿಣವಾಗಿ ಚಾಚಿದ ಶಿಲೆಗಳ ಗುರುತು ಮಸುಕಾಗುತ್ತದೆ. ಕರ್ನಾಟಕದ ಶಿಸ್ಟ್ ಪಟ್ಟಿಗಳ ಸಾಮಾನ್ಯ ದಿಕ್ಕು ಬಹುಮಟ್ಟಿಗೆ ಅದೇ. ಅನ್ಯದೇಶಗಳಲ್ಲಿ ರೂಢಿಯಾದ ಓದನ್ನು ಇಲ್ಲಿಗೆ ಹಾಗೆಯೇ ತಂದರೆ ಅಗೆತವು ತಪ್ಪಾದ ಸ್ಥಳದಲ್ಲಿ ನಡೆದೀತು.

ಇನ್ನು ಕೆಲವು ಖನಿಜಗಳು ಕಾಂತಕ್ಕೆ ಮೂಕವಾಗಿಯೇ ಉಳಿಯುತ್ತವೆ. ಮಂಡ್ಯ ಜಿಲ್ಲೆಯ ಮರಳಗಾಲ-ಅಲ್ಲಾಪಟ್ಟಣ ಪ್ರದೇಶದ ಲಿಥಿಯಮ್ ಇದಕ್ಕೆ ನಿದರ್ಶನ. ಪೆಗ್ಮಟೈಟ್ ಶಿಲೆಯಲ್ಲಿ ಲಿಥಿಯಮ್ಮನ್ನು ಹೊತ್ತಿರುವ ಸ್ಪೋಡುಮಿನ್ ಅಯಸ್ಕಾಂತಗುಣದ ಖನಿಜವಲ್ಲ. ಕಾಂತಚಿತ್ರವು ಅದನ್ನು ಸುತ್ತುವರಿದ ಶಿಲೆಗಳ ವಿನ್ಯಾಸವನ್ನು ಮಾತ್ರ ಸೂಚಿಸಬಲ್ಲದು. ಉಳಿದುದನ್ನು ರಾಸಾಯನಿಕ ಪರೀಕ್ಷೆ ಮತ್ತು ಕೊರೆತಗಳೇ ಹೇಳಬೇಕು. ಇಲ್ಲಿಯ ನಿಕ್ಷೇಪದ ಬಗ್ಗೆ 2020ರಲ್ಲಿ 14,100 ಟನ್ನುಗಳೆಂಬ ಅಂದಾಜು ಪ್ರಚಾರಕ್ಕೆ ಬಂದಿತು. ಪರಮಾಣು ಖನಿಜ ನಿರ್ದೇಶನಾಲಯದ ಅನ್ವೇಷಣೆಯನ್ನು ಆಧರಿಸಿ 2021ರಲ್ಲಿ ಸರ್ಕಾರವು ತಿಳಿಸಿದ ಪ್ರಮಾಣ 1,600 ಟನ್ನು. ಅದೂ ಅನುಮಾನಿತ ವರ್ಗದ್ದು. ಇಂತಹ ಅಂಕಿಗಳು ಹೊಲಗದ್ದೆಗಳ ಭವಿಷ್ಯವನ್ನು ನಿರ್ಧರಿಸುವಂಥವು. ಆದುದರಿಂದ ಈ ಅಂತರವನ್ನು ಅಲಕ್ಷಿಸಲಾಗದು.

ಚಿತ್ರವಿಶ್ಲೇಷಣೆಯ ಬೆಲೆಯನ್ನು ತಗ್ಗಿಸುವುದು ನಮ್ಮ ಉದ್ದೇಶವಲ್ಲ. ಮಣ್ಣು ಮುಚ್ಚಿದ ವಿಶಾಲ ಪ್ರದೇಶದಲ್ಲಿ ಎಲ್ಲಿ ಹುಡುಕಬೇಕೆಂಬುದನ್ನು ಅಗೆಯದೆಯೇ ತಿಳಿಸುವ ಸಾಧನಗಳು ವಿರಳ. ಆದರೆ ಕಾಂತಚಿತ್ರವು ನೆಲದ ಪಡಿಯಚ್ಚು. ಪಡಿಯಚ್ಚಿನಲ್ಲಿ ಸಂದೇಹ ಹುಟ್ಟಿದಾಗ ಶಾಸನಜ್ಞನು ಮೂಲಶಿಲೆಯ ಬಳಿಗೆ ಹೋಗುತ್ತಾನೆ. ಆತಗೂರಿನ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವುದರಿಂದ ಆ ಅವಕಾಶ ಇಂದಿಗೂ ಉಂಟು. ತಪ್ಪಾಗಿ ಓದಿದ ಶಾಸನವನ್ನು ಮತ್ತೆ ಓದಬಹುದು. ತಪ್ಪಾಗಿ ಓದಿ ಅಗೆದ ನೆಲವನ್ನು ಮೊದಲಿನಂತೆ ಮಾಡುವುದು ದುಸ್ಸಾಧ್ಯ. ಆದುದರಿಂದ ಭೂವಿಜ್ಞಾನಿಗೆ ಶಾಸನಜ್ಞನಿಗಿಂತಲೂ ಹೆಚ್ಚಿನ ತಾಳ್ಮೆ ಬೇಕೆಂದು ನಾವು ಭಾವಿಸುತ್ತೇವೆ.