ಫ್ಲಾಪಿಗಳಲ್ಲಿ ಬಂದ ಲಿನಕ್ಸ್

ಹೆಲ್ಸಿಂಕಿಯ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ 1991ರಲ್ಲಿ ಪ್ರಕಟಿಸಿದ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯು, ಅದುವರೆಗೆ ಡಾಸ್ ಎಂಬ ವ್ಯವಸ್ಥೆ ನೆಲೆಸಿದ್ದ 386 ಗಣಕಗಳನ್ನು ಪ್ರವೇಶಿಸಿದುದು ಫ್ಲಾಪಿಗಳ ಮೂಲಕವಾಗಿ. ಆರಂಭದಲ್ಲಿ, ವ್ಯವಸ್ಥೆಯ ತಿರುಳಾದ ಕರ್ನೆಲನ್ನು ಯಂತ್ರದ ಸ್ಮೃತಿಗೆ ತರುವ ಬೂಟ್ ಫ್ಲಾಪಿಯೊಂದು, ಮೂಲ ಕಡತವ್ಯವಸ್ಥೆಯನ್ನು ಧರಿಸಿದ ರೂಟ್ ಫ್ಲಾಪಿಯೊಂದು, ಇವೆರಡೇ ಸಾಕಾಗಿದ್ದುವು. 1993ರ ಜುಲೈ ತಿಂಗಳಲ್ಲಿ ಪ್ಯಾಟ್ರಿಕ್ ವೋಲ್ಕರ್ಡಿಂಗ್ ಎಂಬಾತನು ಎಸ್‌ಎಲ್‌ಎಸ್ ಎಂಬ ಪೂರ್ವಸಂಚಯವನ್ನು ಪರಿಷ್ಕರಿಸಿ ಹೊರತಂದ ಸ್ಲಾಕ್‌ವೇರ್ ಎಂಬ ಲಿನಕ್ಸ್ ಸಂಚಯದಲ್ಲಿಯಾದರೋ ಈ ಸಂಖ್ಯೆ ಬಹುವಾಗಿ ವೃದ್ಧಿಸಿ, ಮೂಲಾಂಗಗಳಿಗೆ ‘ಎ’, ಜಾಲಸಂಪರ್ಕಕ್ಕೆ ‘ಎನ್’, ಚಿತ್ರಮಯ ಪರದೆಗೆ ‘ಎಕ್ಸ್’ ಎಂದು ಶ್ರೇಣಿಗಳೇ ಏರ್ಪಟ್ಟುವು.

ಈ ಶ್ರೇಣಿಗಳ ಫ್ಲಾಪಿಗಳನ್ನು ಸಿದ್ಧಪಡಿಸಲು ಡಾಸ್‌ನ ಸಾಮಾನ್ಯ ನಕಲೇ ಸಾಕಾಗಿದ್ದಿತು. ಬೂಟ್ ಮತ್ತು ರೂಟ್ ಫ್ಲಾಪಿಗಳ ವಿಧಿ ಮಾತ್ರ ವಿಶಿಷ್ಟವಾದುದು. ಡಾಸ್ ಅರಿಯದ ವಿನ್ಯಾಸವುಳ್ಳ ಇಮೇಜ್ ಕಡತವನ್ನು, ರಾರೈಟ್ ಎಂಬ ಪುಟ್ಟ ತಂತ್ರಾಂಶವು, 1.44 ಮೆಗಾಬೈಟಿನ ಫ್ಲಾಪಿಯ 2880 ಸೆಕ್ಟರುಗಳ ಮೇಲೆ ಯಥಾಕ್ರಮವಾಗಿ ಬರೆಯಬೇಕಾಗಿದ್ದಿತು. ಹೀಗೆ, ಡಾಸನ್ನು ತೊರೆಯಬಯಸಿದವನು ಹೊರಡುವ ಸಿದ್ಧತೆಯನ್ನು ಡಾಸ್‌ನ ನೆರವಿನಿಂದಲೇ ಮಾಡಿಕೊಳ್ಳುತ್ತಿದ್ದನು. ಒಂದೇ ಒಂದು ಸೆಕ್ಟರು ದೋಷಯುಕ್ತವಾಗಿದ್ದರೂ ಸ್ಥಾಪನಾಕಾರ್ಯವು ನಡುದಾರಿಯಲ್ಲಿಯೇ ಸ್ಥಗಿತಗೊಳ್ಳಬಹುದಾಗಿದ್ದುದರಿಂದ, ನಿರ್ದೋಷವಾದ ಫ್ಲಾಪಿಗಳನ್ನು ಪರೀಕ್ಷಿಸಿ ಆರಿಸಿಕೊಳ್ಳುವುದೂ ಈ ವಿದ್ಯೆಯ ಅಂಗವಾಗಿದ್ದಿತು. ಸೀಡಿಗಳು ಬಳಕೆಗೆ ಬಂದ ಮೇಲೂ, ಅವುಗಳಿಂದ ನೇರವಾಗಿ ಆರಂಭವಾಗಲರಿಯದ ಹಳೆಯ ಗಣಕಗಳ ಸಲುವಾಗಿ, ಬೂಟ್ ಫ್ಲಾಪಿಯನ್ನು ಬರೆಯುವ ಪದ್ಧತಿ ಬಹುಕಾಲ ಉಳಿದುಬಂದಿತು.