ಆಕಾಶಕ್ಕೆ ಹೋದ ವಾಣಿ

ಆಕಾಶದಿಂದ ನಮ್ಮೆಡೆಗೆ ಬರುವ ವಾಣಿಯನ್ನು ನಾವೆಲ್ಲ ಬಲ್ಲೆವು. ನೆಲದಿಂದ ಆಕಾಶಕ್ಕೆ ಹೋಗುವ ವಾಣಿಯೂ ಒಂದುಂಟು. ಅದರಲ್ಲಿ ಮಾತಿಲ್ಲ, ರಾಗವಿಲ್ಲ. ಇರುವುದು ಬರಿಯ ಆಜ್ಞೆ. 1937ರಲ್ಲಿ ಅಮೆರಿಕದ ಮಿಷಿಗನ್ ಪ್ರಾಂತದಲ್ಲಿ ವಾಲ್ಟರ್ ಗುಡ್, ವಿಲಿಯಂ ಗುಡ್ ಎಂಬ ಅವಳಿ ಸಹೋದರರು ‘ಗಫ್’ ಎಂಬ ತಮ್ಮ ಮಾದರಿ ವಿಮಾನವನ್ನು ರೇಡಿಯೋ ಅಲೆಗಳಿಂದ ನಡೆಸಿದರು. ಅದೀಗ ಸ್ಮಿತ್‌ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ. ಇದೆಲ್ಲ ಬಾಲಲೀಲೆಯೆಂದು ನಾನೂ ಬಹುಕಾಲ ಬಗೆದಿದ್ದೆ.

ಹತ್ತು ವರ್ಷಗಳ ತರುವಾಯ, 1947ರ ಆಗಸ್ಟ್ 16ರಂದು, ಕೆನಡಾದ ಟೊರಾಂಟೊ ಬಳಿ ಡಿ ಹ್ಯಾವಿಲ್ಯಾಂಡ್ ಸಂಸ್ಥೆಯ ‘ಬೀವರ್’ ವಿಮಾನ ಮೊದಲ ಸಲ ಹಾರಿತು. ಆ ದೇಶದ ಉತ್ತರದ ಅಡವಿಗಳಲ್ಲಿ ರಸ್ತೆಗಳು ವಿರಳ, ಸರೋವರಗಳು ಅಸಂಖ್ಯ. ಅಲ್ಲಿ ನೀರೇ ವಿಮಾನನಿಲ್ದಾಣ. ಆದ್ದರಿಂದ ಸಂಸ್ಥೆಯವರು ಮೊದಲು ಅಡವಿಯ ವೈಮಾನಿಕರನ್ನೇ ವಿಚಾರಿಸಿದರು. ಅವರು ಬೇಡಿದ್ದು ವೇಗವನ್ನಲ್ಲ, ಕಿರಿದಾದ ಎಡೆಯಿಂದ ಮೇಲೇಳುವ ಬಲವನ್ನು. ಬಾಗಿಲು ಎಣ್ಣೆಯ ಪೀಪಾಯಿ ಉರುಳಿಸುವಷ್ಟು ಅಗಲವಾಯಿತು. ನೆಲಕ್ಕೆ ಗಾಲಿ, ಹಿಮಕ್ಕೆ ಜಾರುಹಲಗೆ, ನೀರಿಗೆ ದೋಣಿಯಂಥ ಎರಡು ಫ್ಲೋಟುಗಳು. 1967ರಲ್ಲಿ ತಯಾರಿಕೆ ನಿಂತಿತು. ಆದರೆ 1,600ಕ್ಕೂ ಮಿಕ್ಕ ಬೀವರುಗಳಲ್ಲಿ ಹಲವು ಇಂದಿಗೂ ಹಾರುತ್ತಿವೆ.

ಗುಡ್ ಸಹೋದರರ ಹಾದಿ ಹಿಡಿದ ಹವ್ಯಾಸಿಗಳು ಇದೇ ಬೀವರಿನ ಪುಟ್ಟ ಮಾದರಿಯನ್ನು ಕೆರೆಯಿಂದ ಹಾರಿಸುತ್ತಾರೆ. ವಿಮಾನವನ್ನು ಕಿರಿದಾಗಿಸಬಹುದು, ನೀರನ್ನು ಕಿರಿದಾಗಿಸಲಾಗದು. ನಾಲ್ಕು ಬೆರಳೆತ್ತರದ ಅಲೆ ದೊಡ್ಡ ವಿಮಾನಕ್ಕೆ ಲೆಕ್ಕಕ್ಕಿಲ್ಲ, ಮಾದರಿಗೆ ಅದೇ ಗೋಡೆ. ಫ್ಲೋಟಿನ ಅಡಿಯಲ್ಲಿ ಮೆಟ್ಟಿಲಿನಂಥ ಒಂದು ಕಚ್ಚಿದೆ. ವೇಗ ಹೆಚ್ಚಿದಂತೆ ಅದರ ಹಿಂದೆ ಗಾಳಿ ನುಗ್ಗಿ ನೀರಿನ ಹಿಡಿತವನ್ನು ಬಿಡಿಸುತ್ತದೆ. ಚಿತ್ರದಲ್ಲಿ ಅಲಂಕಾರವೆನಿಸುವ ಆ ಕಚ್ಚನ್ನು ಅಳಿಸಿದರೆ ಮಾದರಿ ಮೇಲೇಳುವುದು ದುಸ್ತರ.

ದಡದಲ್ಲಿ ನಿಂತು ನಡೆಸುವವನಿಗೆ ಇನ್ನೊಂದು ಪರೀಕ್ಷೆಯುಂಟು. ವಿಮಾನ ದೂರ ಸಾಗುವಾಗ ಅದರ ಎಡವೂ ಅವನ ಎಡವೂ ಒಂದೇ. ಅದು ತಿರುಗಿ ಅವನತ್ತ ಬರತೊಡಗಿದೊಡನೆ ಅದರ ಎಡ ಅವನ ಬಲವಾಗುತ್ತದೆ. ಆ ಕ್ಷಣದಲ್ಲಿ ತನ್ನ ನೆಲೆಯನ್ನು ಮರೆತು, ಬರಿದಾದ ಆ ಪುಟ್ಟ ಆಸನದಲ್ಲಿ ಮನಸ್ಸನ್ನು ಕೂರಿಸದಿದ್ದರೆ ವಿಮಾನ ನೀರುಪಾಲು.

ಗತಕಾಲವೂ ನಮ್ಮತ್ತ ಮುಖಮಾಡಿಯೇ ಬರುತ್ತದೆ. ಹಳೆಯ ಕಾವ್ಯಗಳನ್ನು ಪಾಠ ಹೇಳುತ್ತಿದ್ದ ವರ್ಷಗಳಲ್ಲಿ ನಾನು ಎಷ್ಟೋ ಸಲ ದಡದಲ್ಲಿ ನಿಂತು, ನನ್ನ ಎಡಬಲಗಳಿಂದಲೇ ಕವಿಯನ್ನು ತಿದ್ದಹೊರಟಿದ್ದೆ. ಮಾದರಿಯಾದರೆ ಒಡೆದು ತಪ್ಪನ್ನು ತೋರಿಸುತ್ತದೆ. ಕಾವ್ಯ ಸುಮ್ಮನಿರುತ್ತದೆ, ತಪ್ಪು ವಿದ್ಯಾರ್ಥಿಗಳ ಟಿಪ್ಪಣಿಯಲ್ಲಿ ಉಳಿದುಬಿಡುತ್ತದೆ.