ಉಣುಗು

ದನ, ನಾಯಿ, ಮನುಷ್ಯರ ಮೈಗೆ ಅಂಟಿ ನೆತ್ತರು ಹೀರುವ ಈ ಜೀವಿಗೆ ಉಣುಗು, ಉಣ್ಣೆ, ಉಣ್ಣಿ ಎಂಬ ಹೆಸರುಗಳುಂಟು. ತಮಿಳಿನಲ್ಲೂ ಇದು ಉಣ್ಣಿಯೇ. ಬೇರು ದ್ರಾವಿಡ ಧಾತು ‘ಉಣ್’, ಅಂದರೆ ತಿನ್ನು. ಊಟ, ಉಣಿಸು ಅದೇ ಬೇರಿನವು. ಕುರಿಯ ಉಣ್ಣೆಗೂ ಇದಕ್ಕೂ ಸಂಬಂಧವಿಲ್ಲ, ಅದು ಸಂಸ್ಕೃತದ ‘ಊರ್ಣ’ದಿಂದ ಬಂದದ್ದು.

ಈ ಹೆಸರಿಟ್ಟ ನಮ್ಮ ಹಿರಿಯರು ಈ ಜೀವಿಯನ್ನು ಎಷ್ಟು ಚೆನ್ನಾಗಿ ಗಮನಿಸಿದ್ದರು! ಸೊಳ್ಳೆಯಂತೆ ಇದು ಕಚ್ಚಿ ಹಾರಿಹೋಗುವುದಿಲ್ಲ. ಬಾಯಿಯನ್ನು ಚರ್ಮದೊಳಗೆ ನಾಟಿ ದಿನಗಟ್ಟಲೆ ಉಣ್ಣುತ್ತದೆ. ರೋಗ ದಾಟುವುದು ಆ ಊಟದಲ್ಲೇ. ಅಮೆರಿಕದ ಕನೆಕ್ಟಿಕಟ್‌ನ ಲೈಮ್ ಊರಿನ ಹೆಸರು ಹೊತ್ತ ಲೈಮ್ ರೋಗ ಹರಡುವುದು ಹೀಗೆಯೇ. ಅದರ ಬ್ಯಾಕ್ಟೀರಿಯಾ ಮೈಸೇರಲು ಸಾಮಾನ್ಯವಾಗಿ ಒಂದು ದಿನಕ್ಕಿಂತ ಹೆಚ್ಚು ಹೊತ್ತು ಬೇಕು. ಹಾಗಾಗಿ ಬೇಗ ಕಿತ್ತರೆ ಅಪಾಯ ಕಡಿಮೆ.

ಮಲೆನಾಡಿನಲ್ಲಿ ಮಾತ್ರ ಉಣುಗು ಎಂಬ ಪದ ಕಿವಿಗೆ ಬಿದ್ದರೆ ನೆನಪಾಗುವುದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಇದು ವೈರಸ್ ರೋಗ. ಮಂಗಗಳು ಸತ್ತು ಬಿದ್ದದ್ದರಿಂದ ಆ ಹೆಸರು ನಿಂತಿತು. ಆದರೆ ಮಂಗವೂ ನಮ್ಮಂತೆ ಕಡಿತಕ್ಕೆ ಸಿಕ್ಕ ಪ್ರಾಣಿ. ಕಾಯಿಲೆ ಹರಡುವುದು ಉಣುಗು. ‘ಉಣುಗಿನ ಜ್ವರ’ ಎಂದಿದ್ದರೆ ಜನರ ಕಣ್ಣು ಮರದ ಕೊಂಬೆಗಿಂತ ತರಗೆಲೆಯ ಮೇಲಿರುತ್ತಿತ್ತು ಎಂದು ನನಗನಿಸುತ್ತದೆ. ಬೇಸಿಗೆಗೆ ಮುನ್ನ ಸೊಪ್ಪು, ದರಗು ತರಲು ಹೋದವರಿಗೆ ಹತ್ತುವುದು ಬಹುಪಾಲು ಉಣುಗಿನ ಮರಿಗಳೇ, ಗಸಗಸೆ ಕಾಳಿನಷ್ಟು ಸಣ್ಣವು.